ಕಿವಿ ಕೇಳಿಸದವರಿಗೆ ಕಂಪ್ಯೂಟರ್: ಯಾರಿಗೆ ಯಾವ ತರಬೇತಿ, ಯಾವ ಸಾಧನ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಿಂದಲೇ ಕಿವಿ ಕೇಳಿಸದ ಮಕ್ಕಳ ತಂದೆತಾಯಂದಿರು ವಿಚಾರಿಸತೊಡಗುತ್ತಾರೆ. ಲೆಕ್ಕ ಬರೆಯುವ ಟ್ಯಾಲಿ ಕಲಿಸಿದರೆ ಒಳ್ಳೆಯದೋ, ಪುಟ ಜೋಡಿಸಿ ಅಚ್ಚಿಗೆ ಸಿದ್ಧಪಡಿಸುವ ಡಿಟಿಪಿಯೋ? ಊರಿನ ಕಂಪ್ಯೂಟರ್ ಸೆಂಟರ್ ಸಾಕೋ, ಮೈಸೂರಿಗೋ ಬೆಂಗಳೂರಿಗೋ ಕಳುಹಿಸಬೇಕೋ? ಲ್ಯಾಪ್‌ಟಾಪ್ ಮೊದಲೋ, ಕಿವಿಗೆ ಹೊಸ ಮಷಿನ್ ಮೊದಲೋ? ಕಿವುಡ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕೆಲಸದಲ್ಲಿರುವ ನಾನು ಉತ್ತರಿಸುವ ಮೊದಲು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮಗಳಿಗೆ ಏನಾದರೂ ಅರ್ಥವಾಗದಿದ್ದರೆ ಅದನ್ನು ಹೇಗೆ ಕೇಳುತ್ತಾಳೆ? ಕೈಸನ್ನೆಯಲ್ಲೋ, ಬಾಯಿಬಿಟ್ಟು ಕನ್ನಡದಲ್ಲೋ, ಬರೆದು ತೋರಿಸಿಯೋ?

ಪಾಠವನ್ನು ಹೇಗೋ ಮುಟ್ಟಿಸಬಹುದು. ಸಂದೇಹ ಕೇಳಲು ದಾರಿಯೇ ಇಲ್ಲದ ತರಗತಿಯಲ್ಲಿ ಮಗು ತಲೆಯಾಡಿಸುವುದನ್ನಷ್ಟೇ ಕಲಿಯುತ್ತದೆ. ಆದ್ದರಿಂದ ಮುಂದೆ ಹೋಲಿಸುವ ಎಲ್ಲ ಆಯ್ಕೆಗಳನ್ನೂ ನಾನು ಈ ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ. ಶುಲ್ಕ, ಸಾಫ್ಟ್‌ವೇರ್, ಪ್ರಮಾಣಪತ್ರ ಎಲ್ಲವೂ ಆಮೇಲೆ.

ಮೊದಲು, ಯಾರಿಗೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 70 ಡೆಸಿಬೆಲ್ ಶ್ರವಣ ನಷ್ಟವಿದ್ದರೆ ಕಿವುಡು. 60ರಿಂದ 70 ಡೆಸಿಬೆಲ್ ಇದ್ದರೆ ಮಂದ ಶ್ರವಣ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ, ಸರ್ಕಾರಿ ಹುದ್ದೆಗಳಲ್ಲಿ ಇವರಿಗಿರುವ ಶೇ 1ರ ಮೀಸಲಾತಿಗೆ ಈ ಗೆರೆ ಬೇಕು. ತರಗತಿ ಆರಿಸುವುದಕ್ಕೆ ಅದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಎಳವೆಯಲ್ಲೇ ಶ್ರವಣ ಸಾಧನ ಹಾಕಿಸಿಕೊಂಡು, ಮಾತಿನ ತರಬೇತಿ ಪಡೆದು, ಸಾಮಾನ್ಯ ಶಾಲೆಯಲ್ಲಿ ಓದಿದ 80 ಡೆಸಿಬೆಲ್‌ನ ಹುಡುಗ ಕನ್ನಡದಲ್ಲೇ ತಕರಾರು ಮಾಡುತ್ತಾ ಕುಳಿತಿರಬಹುದು. 65 ಡೆಸಿಬೆಲ್‌ನ ಹುಡುಗಿಯೊಬ್ಬಳು ಸಾಧನವನ್ನೇ ಕಾಣದೆ, ಕಿವುಡರ ವಸತಿ ಶಾಲೆಯಲ್ಲಿ ಸಂಜ್ಞಾ ಭಾಷೆಯನ್ನೇ ತನ್ನ ಭಾಷೆಯಾಗಿಸಿಕೊಂಡು ಬೆಳೆದಿರಬಹುದು. ಇಬ್ಬರನ್ನೂ ಒಂದೇ ಬ್ಯಾಚಿಗೆ ಸೇರಿಸಿದರೆ ಒಬ್ಬರಿಗಂತೂ ನಷ್ಟ.

ಮೂರನೆಯ ಗುಂಪೊಂದು ಇದೆ. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಲವತ್ತೈದು, ಐವತ್ತು ದಾಟಿದ ಮೇಲೆ ಕಿವಿ ಮಂದವಾದ ಶಿಕ್ಷಕರು, ಬ್ಯಾಂಕ್ ನೌಕರರು, ಅಂಗಡಿ ನಡೆಸುವವರು. ಇವರ ಕನ್ನಡ ಗಟ್ಟಿಯಾಗಿದೆ, ಓದು ಬರಹ ಚೆನ್ನಾಗಿದೆ. ಇವರಿಗೆ ಸಂಜ್ಞಾ ಭಾಷೆ ಕಲಿಸಲು ಹೊರಡುವುದು ಅಧಿಕಪ್ರಸಂಗ. ಮುಖ ತೋರಿಸಿ ನಿಧಾನವಾಗಿ ಮಾತನಾಡುವ ಬೋಧಕ ಮತ್ತು ಪರದೆಯ ಮೇಲೆ ಅಕ್ಷರ ಮೂಡಿಸುವ ಫೋನ್ ಇದ್ದರೆ ಇವರ ಕೆಲಸ ನಡೆಯುತ್ತದೆ. 2011ರ ಜನಗಣತಿ ಕರ್ನಾಟಕದಲ್ಲಿ ಸುಮಾರು 2.35 ಲಕ್ಷ ಜನರಿಗೆ ಶ್ರವಣದೋಷವಿದೆಯೆಂದು ದಾಖಲಿಸಿತು. ಅಷ್ಟೂ ಜನರಿಗೆ ಒಂದೇ ಸಲಹೆ ಕೊಡುವವರನ್ನು ನಂಬಬೇಡಿ.

ಊರಿನ ಕಂಪ್ಯೂಟರ್ ಸೆಂಟರ್

ತಾಲ್ಲೂಕು ಕೇಂದ್ರಗಳಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಹೆಸರಿನ ತರಬೇತಿ ಕೇಂದ್ರಗಳಿವೆ, ಖಾಸಗಿ ಸೆಂಟರ್‌ಗಳೂ ಇವೆ. ಮನೆಯಿಂದ ಹೋಗಿ ಬರಬಹುದು, ಖರ್ಚು ಕಡಿಮೆ, ಕೇಳಿಸುವ ಓರಗೆಯವರ ಒಡನಾಟವೂ ಸಿಗುತ್ತದೆ. ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆ ನಡೆಸುವ, ಕಂಪ್ಯೂಟರಿನ ಮೂಲ ಪಾಠಗಳ ಸಿಸಿಸಿ ಕೋರ್ಸನ್ನು ಇಂಥ ಕಡೆ ಕಲಿತು ಪರೀಕ್ಷೆ ಬರೆಯಬಹುದು. ಅದು 80 ಗಂಟೆಗಳ ಕೋರ್ಸು. ಪರೀಕ್ಷೆಯಲ್ಲಿ 90 ನಿಮಿಷಕ್ಕೆ ನೂರು ವಸ್ತುನಿಷ್ಠ ಪ್ರಶ್ನೆಗಳು, ಎಲ್ಲವೂ ಪರದೆಯ ಮೇಲೆ. ಕೇಳಿಸಿಕೊಂಡು ಉತ್ತರಿಸುವ ಭಾಗ ಇಲ್ಲದಿರುವುದರಿಂದ ಕಿವಿ ಕೇಳಿಸದವರಿಗೆ ಪರೀಕ್ಷೆ ತೊಡಕಲ್ಲ. ತೊಡಕಿರುವುದು ಅದಕ್ಕೆ ಮುಂಚಿನ 80 ಗಂಟೆಗಳಲ್ಲಿ.

ಆ ತೊಡಕು ಎಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಬೋಧಕರಿಗೂ ಅದು ಹೊಳೆದಿರುವುದಿಲ್ಲ. ಕೇಳಿಸುವ ವಿದ್ಯಾರ್ಥಿ ಕಣ್ಣನ್ನು ಪರದೆಯ ಮೇಲಿಟ್ಟು ಕಿವಿಯನ್ನು ಬೋಧಕರಿಗೆ ಕೊಡುತ್ತಾನೆ. ಕಿವುಡ ವಿದ್ಯಾರ್ಥಿಗೆ ಎರಡೂ ಕೆಲಸಕ್ಕೆ ಇರುವುದು ಕಣ್ಣೊಂದೇ. ಬೋಧಕರು ಮೌಸ್ ಓಡಿಸುತ್ತಲೇ 'ಇಲ್ಲಿ ಕ್ಲಿಕ್ ಮಾಡಿ, ಆಮೇಲೆ ಇದನ್ನು ಆರಿಸಿ' ಎಂದರೆ, ತುಟಿ ನೋಡಿದವನಿಗೆ ಕ್ಲಿಕ್ ತಪ್ಪುತ್ತದೆ, ಪರದೆ ನೋಡಿದವನಿಗೆ ಮಾತು ತಪ್ಪುತ್ತದೆ. ಪ್ರೊಜೆಕ್ಟರ್‌ಗಾಗಿ ದೀಪ ಆರಿಸಿದರಂತೂ ತುಟಿಯೂ ಇಲ್ಲ, ಕೈಯೂ ಇಲ್ಲ. ಬೋಧಕರು ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತನಾಡಿದರೂ ಅದೇ ಗತಿ. ಪರಿಹಾರ ಸರಳವಾಗಿದೆ: ಮೊದಲು ಮಾತಿಲ್ಲದೆ ಮಾಡಿ ತೋರಿಸಬೇಕು, ಆಮೇಲೆ ಮೌಸ್ ಬಿಟ್ಟು ಮುಖ ಎತ್ತಿ ವಿವರಿಸಬೇಕು, ಕೊನೆಗೆ ವಿದ್ಯಾರ್ಥಿಯಿಂದ ಮಾಡಿಸಬೇಕು. ಜೊತೆಗೆ ಹಂತಗಳನ್ನು ಬರೆದ ಒಂದು ಹಾಳೆ. ಇದಕ್ಕೆ ಹೆಚ್ಚುವರಿ ಉಪಕರಣ ಬೇಡ, ತುಸು ತಾಳ್ಮೆ ಬೇಕು.

ಹಾಗಾಗಿ ಶುಲ್ಕ ಕಟ್ಟುವ ಮೊದಲು ಒಂದು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಬೋಧಕರು ಬೋರ್ಡಿಗೆ ಪಾಠ ಮಾಡುತ್ತಾರೋ, ಮಕ್ಕಳಿಗೋ? ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಸಂದೇಹ ಬರೆದರೆ ಉತ್ತರಿಸಲು ಒಪ್ಪುತ್ತಾರೋ? ಇಪ್ಪತ್ತು ಮಂದಿಯ ಹವಾನಿಯಂತ್ರಿತ ಲ್ಯಾಬಿಗಿಂತ, ಬಸ್ ನಿಲ್ದಾಣದ ಪಕ್ಕದ ಮೂರು ಕಂಪ್ಯೂಟರಿನ ಅಂಗಡಿಯಲ್ಲಿ ಒಬ್ಬ ಸಮಾಧಾನದ ಬೋಧಕಿ ಸಿಕ್ಕರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಮಾತಿನಲ್ಲಿ ಕನ್ನಡ ಬಳಸುವ ಮಂದ ಶ್ರವಣದವರಿಗೆ, ವಯಸ್ಸಾದ ಮೇಲೆ ಕಿವಿ ಹೋದವರಿಗೆ ಊರಿನ ಸೆಂಟರ್ ಒಳ್ಳೆಯ ಆಯ್ಕೆ. ಸಂಜ್ಞಾ ಭಾಷೆಯೇ ಮೊದಲ ಭಾಷೆಯಾದವರಿಗೆ ಅಲ್ಲ. ಅಗ್ಗವೆಂದು ಅಲ್ಲಿಗೆ ಸೇರಿಸಿ ಒಂದು ವರ್ಷ ಕಳೆಯುವುದು ದುಬಾರಿ.

ಸಂಜ್ಞಾ ಭಾಷೆಯಲ್ಲಿ ಅಲ್ಪಾವಧಿ ತರಬೇತಿ

ಬೆಂಗಳೂರಿನ ಸಮರ್ಥನಂ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಅಂಗವಿಕಲ ಯುವಜನರಿಗೆ ಕೆಲವು ತಿಂಗಳ ಉದ್ಯೋಗ ತರಬೇತಿ ಕೊಡುತ್ತಾ ಬಂದಿವೆ. ಸಾಮಾನ್ಯವಾಗಿ ಇಂಥ ತರಬೇತಿಯಲ್ಲಿ ಕಂಪ್ಯೂಟರಿನ ಮೂಲ ಪಾಠ, ಅಗತ್ಯದಷ್ಟು ಇಂಗ್ಲಿಷ್, ಸಂದರ್ಶನಕ್ಕೆ ತಯಾರಿ, ಕೊನೆಗೆ ಕೆಲಸ ಹುಡುಕಲು ನೆರವು ಇರುತ್ತವೆ. ಇಲ್ಲಿನ ದೊಡ್ಡ ಲಾಭ ಪಠ್ಯದಲ್ಲಿಲ್ಲ. ಪಕ್ಕದಲ್ಲಿ ಕುಳಿತವರೂ ಸನ್ನೆಯಲ್ಲೇ ಮಾತನಾಡುತ್ತಾರೆ ಎಂಬುದರಲ್ಲಿದೆ. ಬೋಧಕರು ಹೇಳಿದ್ದು ತಿಳಿಯದಿದ್ದರೆ ಗೆಳತಿ ಹೇಳಿಕೊಡುತ್ತಾಳೆ. ಬೋಧಕರೇ ಸ್ವತಃ ಕಿವುಡರಾಗಿದ್ದರೆ ಇನ್ನೂ ಒಳ್ಳೆಯದು, ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಆದರೆ ಯಾವ ಸಂಸ್ಥೆಯಾದರೂ ಸರಿ, ಎರಡು ವಿಷಯ ಬಾಯಿಬಿಟ್ಟು ಕೇಳಿ. ಹಿಂದಿನ ಬ್ಯಾಚಿನವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಕಂಪ್ಯೂಟರ್ ತರಬೇತಿ ಎಂದು ಹೆಸರಿದ್ದು, ಕೊನೆಗೆ ಗೋದಾಮಿನಲ್ಲಿ ಪೊಟ್ಟಣ ಕಟ್ಟುವ ಕೆಲಸ ಸಿಗುವುದೂ ಉಂಟು. ಅದು ಕೀಳಲ್ಲ, ಸಂಬಳ ಸಂಬಳವೇ. ಆದರೆ ಗೊತ್ತಿದ್ದು ಹೋಗುವುದು ಬೇರೆ. ಎರಡನೆಯದಾಗಿ, ಮಗುವಿಗೆ ಬರುವುದು ಭಾರತೀಯ ಸಂಜ್ಞಾ ಭಾಷೆಯೋ, ಮನೆಯವರು ಮಾತ್ರ ಬಲ್ಲ ಸನ್ನೆಗಳೋ? ಮನೆಸನ್ನೆ ಮಾತ್ರ ಬಲ್ಲ ಹುಡುಗನಿಗೆ ಮೂರು ತಿಂಗಳ ಕೋರ್ಸಿನ ಬಹುಪಾಲು ಭಾಷೆ ಕಲಿಯುವುದರಲ್ಲೇ ಕಳೆಯುತ್ತದೆ. ಹೋಗುವ ಮೊದಲೇ ಸ್ವಲ್ಪ ತಯಾರಿ ಮಾಡಿಸಬಹುದು. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹತ್ತು ಸಾವಿರ ಪದಗಳ ವಿಡಿಯೊ ನಿಘಂಟನ್ನು ಹೊರತಂದಿತು, ತಾಂತ್ರಿಕ ಪದಗಳೂ ಅದರಲ್ಲಿವೆ. 2022ರಲ್ಲಿ ಬಂದ ಸೈನ್ ಲರ್ನ್ ಆ್ಯಪ್‌ನಲ್ಲಿ ಅದನ್ನೇ ಫೋನಿನಲ್ಲಿ ನೋಡಬಹುದು. ಅಪ್ಪ, ಅಮ್ಮ, ಅಣ್ಣ, ಅಕ್ಕ ಜೊತೆಗೆ ಕುಳಿತು ಕಲಿತರೆ ಮನೆಯಲ್ಲೂ ಮಾತು ಬೆಳೆಯುತ್ತದೆ.

ಮೂರು ವರ್ಷ ಕೊಡುವ ಶಕ್ತಿ ಇದ್ದರೆ

ಸಂಜ್ಞಾ ಭಾಷೆ ಬಳಸುವ, ಹದಿನಾರು ಹದಿನೇಳರ ವಯಸ್ಸಿನವರಿಗೆ ನನ್ನ ಮೊದಲ ಸಲಹೆ ಡಿಪ್ಲೊಮಾ. ಮೈಸೂರಿನಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವು 1989ರಲ್ಲಿ ಅಂಗವಿಕಲರಿಗಾಗಿಯೇ ಆರಂಭಿಸಿದ ಪಾಲಿಟೆಕ್ನಿಕ್ ಇದೆ; ಕಂಪ್ಯೂಟರ್ ವಿಜ್ಞಾನವೂ ಅಲ್ಲಿನ ವಿಭಾಗಗಳಲ್ಲೊಂದು. ಎಸ್‌ಎಸ್‌ಎಲ್‌ಸಿ ಪಾಸಾದವರು ಸೇರಬಹುದು. ಪಿಯುಸಿ ಮುಗಿಸಿ ಪದವಿಯನ್ನೇ ಬಯಸುವವರು ರಾಜ್ಯದ ಗಡಿ ದಾಟಲು ಸಿದ್ಧರಿದ್ದರೆ ತಿರುವನಂತಪುರದ ನಿಷ್ ಎಂಬ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವುಡ ವಿದ್ಯಾರ್ಥಿಗಳಿಗಾಗಿ ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್, ಚೆನ್ನೈನ ಅಡ್ಯಾರ್‌ನ ಸೇಂಟ್ ಲೂಯಿಸ್ ಕಾಲೇಜಿನಲ್ಲಿ ಬಿಸಿಎ ಇವೆ. ಪಾಠ ಸಂಜ್ಞಾ ಭಾಷೆಯಲ್ಲಿ, ಓದು ಇಂಗ್ಲಿಷಿನಲ್ಲಿ; ಹಾಗಾಗಿ ಮಲಯಾಳವೋ ತಮಿಳೋ ಬಾರದಿರುವುದು ತರಗತಿಯಲ್ಲಿ ಅಷ್ಟಾಗಿ ಅಡ್ಡ ಬರುವುದಿಲ್ಲ. ಊಟ, ಬಸ್ಸು, ಬಾಡಿಗೆ ಮನೆಯ ಮಾತು ಬೇರೆ.

ಡಿಪ್ಲೊಮಾವನ್ನು ನಾನು ಮೇಲಕ್ಕಿಡುವುದು ಪ್ರಮಾಣಪತ್ರಕ್ಕಾಗಿ ಅಲ್ಲ, ಸಮಯಕ್ಕಾಗಿ. ನಮ್ಮ ರಾಜ್ಯದಲ್ಲಿ ಶ್ರವಣದೋಷವುಳ್ಳ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಕೆಲವು ಭಾಷಾ ವಿಷಯಗಳಿಂದ ವಿನಾಯಿತಿ ಸಿಗುತ್ತದೆ. ಪರೀಕ್ಷೆ ದಾಟಲು ಅದು ದೊಡ್ಡ ಉಪಕಾರ. ಆ ಸಾಲ ಕಂಪ್ಯೂಟರಿನ ಮುಂದೆ ಕುಳಿತಾಗ ವಸೂಲಾಗುತ್ತದೆ: ಮೆನು ಇಂಗ್ಲಿಷಿನಲ್ಲಿ, ದೋಷದ ಸಂದೇಶ ಇಂಗ್ಲಿಷಿನಲ್ಲಿ, ಕಚೇರಿಯ ಇಮೇಲ್ ಇಂಗ್ಲಿಷಿನಲ್ಲಿ. ವಿಂಡೋಸನ್ನು ಕನ್ನಡಕ್ಕೆ ಬದಲಿಸಬಹುದು ನಿಜ. ಆದರೆ ಕೆಲಸಕ್ಕೆ ಸೇರಿದ ಕಡೆ ಅದು ಇಂಗ್ಲಿಷಿನಲ್ಲೇ ಇರುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಭಾಷೆಯ ಈ ಕೊರತೆಯನ್ನು ಮೂರು ತಿಂಗಳಲ್ಲಿ ತುಂಬಲಾಗದು. ಮೂರು ವರ್ಷದಲ್ಲಿ, ತನ್ನಂಥವರ ನಡುವೆ, ಸಾಕಷ್ಟು ತುಂಬಬಹುದು. ಇಪ್ಪತ್ತೈದು ದಾಟಿ ಮನೆಯ ಹೊಣೆ ಹೊತ್ತವರಿಗೆ ಈ ಮಾತು ಅನ್ವಯಿಸದು. ಅವರಿಗೆ ಅಲ್ಪಾವಧಿ ತರಬೇತಿಯೇ ಸರಿ.

ಮನೆಯಲ್ಲಿ ಯೂಟ್ಯೂಬ್ ನೋಡಿ ಕಲಿಯುವುದನ್ನು ನಾನು ಪ್ರತ್ಯೇಕ ಆಯ್ಕೆಯೆಂದು ಎಣಿಸುವುದಿಲ್ಲ. ಕನ್ನಡದ ಹೆಚ್ಚಿನ ಕಂಪ್ಯೂಟರ್ ಪಾಠಗಳು ಬರಿಯ ಮಾತಿನ ಮೇಲೆ ನಿಂತಿವೆ, ಸರಿಯಾದ ಕ್ಯಾಪ್ಷನ್ ಇರುವಂಥವು ಕಡಿಮೆ. ಮಾತಿಲ್ಲದೆ ಪರದೆಯನ್ನಷ್ಟೇ ತೋರಿಸಿ, ಪ್ರತಿ ಹಂತಕ್ಕೂ ಅಕ್ಷರ ಮೂಡಿಸುವ ವಿಡಿಯೊಗಳನ್ನು ಹುಡುಕಿಕೊಟ್ಟರೆ ಮರುಕಲಿಕೆಗೆ ಒದಗುತ್ತವೆ. ಅಷ್ಟೇ.

ಟ್ಯಾಲಿಯೋ, ಡಿಟಿಪಿಯೋ?

'ಕಿವುಡರ ಕಣ್ಣು ಚುರುಕು, ಆದ್ದರಿಂದ ಗ್ರಾಫಿಕ್ಸ್ ಕಲಿಸಿ' ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಚಿತ್ರ ಬಿಡಿಸಲು ಇಷ್ಟವಿಲ್ಲದ ಕಿವುಡರೂ ಇದ್ದಾರೆ, ಲೆಕ್ಕದಲ್ಲಿ ಗಟ್ಟಿಗರೂ ಇದ್ದಾರೆ. ಆರಿಸುವಾಗ ನೋಡಬೇಕಾದ್ದು ಕೆಲಸದ ದಿನಚರಿ. ಟ್ಯಾಲಿ ಕಲಿತವರು ಲೆಕ್ಕ ಬರೆಯುವುದಷ್ಟೇ ಅಲ್ಲ, ಬಿಲ್ ಬಾರದ ವ್ಯಾಪಾರಿಗೆ ಫೋನ್ ಮಾಡಿ ವಿಚಾರಿಸಬೇಕಾಗುತ್ತದೆ. ಆ ಭಾಗವನ್ನು ವಾಟ್ಸ್ಆ್ಯಪ್‌ಗೋ ಸಹೋದ್ಯೋಗಿಗೋ ಬಿಡುವ ಕಚೇರಿ ಸಿಕ್ಕರೆ ಒಳ್ಳೆಯ ಕೆಲಸ. ಜಿಎಸ್‌ಟಿಯ ಪರಿಭಾಷೆ ಇಂಗ್ಲಿಷಿನಲ್ಲಿರುವುದು ಇನ್ನೊಂದು ಏರು. ಡಿಟಿಪಿಯಲ್ಲಿ ಗ್ರಾಹಕ ಹಸ್ತಪ್ರತಿ ತಂದುಕೊಡುತ್ತಾನೆ, ಕರಡು ತಿದ್ದಿಕೊಡುತ್ತಾನೆ, ವ್ಯವಹಾರವೆಲ್ಲ ಕಾಗದದ ಮೇಲೆ. ಮದುವೆ ಕರೆಯೋಲೆ, ಬ್ಯಾನರ್, ಶಾಲೆಯ ಪ್ರಶ್ನೆಪತ್ರಿಕೆ ಇರುವವರೆಗೆ ಊರಿನಲ್ಲೇ ಅದಕ್ಕೆ ಗಿರಾಕಿಯಿದ್ದಾರೆ. ಬರಿಯ ಡೇಟಾ ಎಂಟ್ರಿಯನ್ನು ಮಾತ್ರ ನಂಬಿ ಕೂರಬೇಡಿ, ಯಂತ್ರಗಳು ಮೊದಲು ಕಿತ್ತುಕೊಳ್ಳುತ್ತಿರುವ ಕೆಲಸ ಅದೇ. ಎಕ್ಸೆಲ್ ಚೆನ್ನಾಗಿ ಬಂದರೆ ಯಾವ ದಾರಿಗೂ ಒದಗುತ್ತದೆ.

ಡಿಟಿಪಿ ಎಂದ ಕೂಡಲೇ ಕನ್ನಡ ಟೈಪಿಂಗ್ ಬರುತ್ತದೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಲಿಪ್ಯಂತರ ವಿಧಾನ ಕೇಳಿಸುವವರಿಗೆ ಸಲೀಸು. ಅದು ಪದದ ಉಚ್ಚಾರವನ್ನು ನೆಚ್ಚಿಕೊಂಡಿದೆ. ಪದವನ್ನು ಕಣ್ಣಿನಿಂದ ಮಾತ್ರ ಕಲಿತ ಹುಡುಗಿ 'ಹಳ್ಳಿ' ಎಂಬುದನ್ನು ಬರೆಯಬಲ್ಲಳು, ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಒಡೆಯಬೇಕೆಂದು ಊಹಿಸಲಾರಳು. ಅಂಥವರಿಗೆ ಫೋನಿನಲ್ಲಿ ಕನ್ನಡ ಅಕ್ಷರಗಳದೇ ಕೀಲಿಮಣೆ ಹಾಕಿಕೊಡಿ, ಇಲ್ಲವೇ ಜಿಬೋರ್ಡ್‌ನಲ್ಲಿ ಬೆರಳಿನಿಂದ ಕನ್ನಡ ಬರೆಯುವ ಸೌಲಭ್ಯವನ್ನು ಆನ್ ಮಾಡಿ. ಕಂಪ್ಯೂಟರಿನಲ್ಲಿ ಆಯ್ಕೆ ಎರಡು: ಕನ್ನಡ ಬರೆಯುವ ತಂತ್ರಾಂಶ ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಮತ್ತು ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್. ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ. ನೋಡಿ ಕಲಿಯುವವರಿಗೆ ಈ ಜೋಡಣೆ ಹಿಡಿಸುತ್ತದೆ. ಆದರೂ ನನ್ನ ಮತ ನುಡಿಗೆ, ಕರ್ನಾಟಕದ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಕೈ ಪಳಗಿರುವುದು ಅದರಲ್ಲಿ. ಅದರಲ್ಲಿ 'ಟ' ಬರೆಯಲು ಕ್ಯೂ, 'ಡ' ಬರೆಯಲು ಡಬ್ಲ್ಯೂ ಒತ್ತಬೇಕು. ಕೇಳಿಸುವ ಮಕ್ಕಳು ಧ್ವನಿಯ ತರ್ಕ ಹುಡುಕಿ ಇಲ್ಲಿ ತಡವರಿಸುತ್ತಾರೆ, ನಮ್ಮ ಮಕ್ಕಳಿಗೆ ಎಲ್ಲ ಕೀಲಿಯೂ ಒಂದೇ ಬಗೆಯ ಜಾಗದ ನೆನಪು. 'ಕೆ ಅಂದರೆ ಕ' ಎಂದು ಬಾಯಲ್ಲಿ ಹೇಳಿ ಕಲಿಸದೆ, ಯಾವ ಬೆರಳಿಗೆ ಯಾವ ಕೀಲಿ ಎಂದು ಬಣ್ಣದ ಚೀಟಿ ಅಂಟಿಸಿ ಕಲಿಸಿದರೆ ವೇಗ ತಾನಾಗಿ ಬರುತ್ತದೆ.

ಯಾವುದಕ್ಕೆ ಮೊದಲು ದುಡ್ಡು?

ಫೋನಿನಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ನಡುವೆ ಕನ್ನಡಿಗರಿಗೆ ಉತ್ತರ ಸುಲಭ. ಗೂಗಲ್ 2019ರಲ್ಲಿ ತಂದ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಎದುರಿನವರ ಮಾತನ್ನು ಆಗಿಂದಾಗಲೇ ಅಕ್ಷರವಾಗಿಸುತ್ತದೆ. ಉಚಿತ, ಕನ್ನಡವೂ ಇದೆ, ಆಂಡ್ರಾಯ್ಡ್‌ಗೆ ಮಾತ್ರ. ಎರಡು ಭಾಷೆ ಇಟ್ಟುಕೊಂಡು ಕನ್ನಡದಿಂದ ಇಂಗ್ಲಿಷಿಗೆ ಬೇಕಾದಾಗ ಬದಲಿಸಬಹುದು. ಬ್ಯಾಂಕಿನ ಕೌಂಟರಿನಲ್ಲಿ, ವೈದ್ಯರ ಎದುರು, ಒಬ್ಬರೇ ಹತ್ತಿರದಿಂದ ಮಾತನಾಡುವಾಗ ನೆಚ್ಚಬಹುದು. ಫ್ಯಾನ್ ತಿರುಗುವ ದೊಡ್ಡ ಕೋಣೆಯಲ್ಲಿ, ನಾಲ್ವರು ಒಟ್ಟಿಗೆ ಮಾತನಾಡುವಲ್ಲಿ, ಕನ್ನಡ ಇಂಗ್ಲಿಷ್ ಕಲಸಿದ ಪಾಠದಲ್ಲಿ ಅದು ಏನೇನೋ ಬರೆಯುತ್ತದೆ. ತರಗತಿಯಲ್ಲಿ ಬೋಧಕರ ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕ್ ಸೇರಿಸಿದರೆ ಬಹಳ ಸುಧಾರಿಸುತ್ತದೆ. ಇಂಗ್ಲಿಷಿನ ಆನ್‌ಲೈನ್ ತರಗತಿಗಳಿಗೆ ವಿಂಡೋಸ್ 11ರಲ್ಲೇ ಲೈವ್ ಕ್ಯಾಪ್ಷನ್ ಇದೆ, ಬೇರೆ ಏನನ್ನೂ ಕೊಳ್ಳಬೇಕಿಲ್ಲ. ಸಂಜ್ಞಾ ಭಾಷೆಯವರಿಗೆ ಇವೆಲ್ಲ ಎರಡನೆಯ ಸಾಲಿನವು. ಅವರಿಗೆ ಫೋನ್ ಎಂದರೆ ವಿಡಿಯೊ ಕರೆ. ಒಳ್ಳೆಯ ಮುಂಬದಿ ಕ್ಯಾಮೆರಾ, ಎರಡೂ ಕೈ ಬಿಡುವಾಗುವಂತೆ ಒಂದು ಸ್ಟ್ಯಾಂಡ್, ಊರಿನಲ್ಲಿ ಗಟ್ಟಿ ಸಿಗ್ನಲ್ ಇರುವ ಕಂಪನಿಯ ಸಿಮ್, ಈ ಮೂರನ್ನು ನೋಡಿ.

ಶ್ರವಣ ಸಾಧನದ ವಿಷಯದಲ್ಲಿ ಅಂಗಡಿಗೆ ಹೋಗುವ ಮುನ್ನ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ಪರೀಕ್ಷೆ ಮಾಡಿಸಿ. ಆದಾಯ ಮಿತಿಯೊಳಗಿನವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ಸಿಗುತ್ತದೆ. ಸ್ವಂತ ಹಣದಲ್ಲಿ ಕೊಳ್ಳುವವರು ಬ್ಲೂಟೂತ್ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ಐಫೋನಿಗೆ ಹೊಂದುವ ಸಾಧನ ಎಲ್ಲ ಆಂಡ್ರಾಯ್ಡ್‌ಗಳಿಗೂ ಹೊಂದುವುದಿಲ್ಲ. ನಿಮ್ಮದೇ ಫೋನನ್ನು ಕೊಂಡೊಯ್ದು, ಅಂಗಡಿಯಲ್ಲೇ ಒಂದು ಕರೆ ಮಾಡಿ ನೋಡಿ. ಒಂದೇ ಕಿವಿಯಲ್ಲಿ ಕೇಳುವವರು ಫೋನ್, ಕಂಪ್ಯೂಟರ್ ಎರಡರಲ್ಲೂ ಎರಡು ಬದಿಯ ಶಬ್ದವನ್ನು ಒಂದಾಗಿಸುವ ಮೊನೊ ಆಡಿಯೊ ಆನ್ ಮಾಡಿಕೊಂಡರೆ ಅರ್ಧ ಶಬ್ದ ತಪ್ಪಿಹೋಗುವುದು ನಿಲ್ಲುತ್ತದೆ, ಅದಕ್ಕೆ ಕಾಸೂ ಬೇಡ.

ಕೈಯಲ್ಲಿರುವ ಹಣ ಸಾಲದಿದ್ದರೆ, ಮಾತನ್ನು ನೆಚ್ಚಿಕೊಂಡವರಿಗೆ ಸಾಧನ ಮೊದಲು, ಆಮೇಲೆ ಫೋನ್, ಕೊನೆಗೆ ಲ್ಯಾಪ್‌ಟಾಪ್. ಕೇಳಿಸದೆ ಕುಳಿತ ತರಗತಿಗೆ ಹೊಸ ಲ್ಯಾಪ್‌ಟಾಪ್ ಒಯ್ದು ಪ್ರಯೋಜನವಿಲ್ಲ. ಸಂಜ್ಞಾ ಭಾಷೆಯವರಿಗೆ ಫೋನ್ ಮೊದಲು, ಆಮೇಲೆ ತರಬೇತಿಗೆ ಹೋಗಿ ಬರುವ ಖರ್ಚು ಮತ್ತು ಹಾಸ್ಟೆಲ್, ಲ್ಯಾಪ್‌ಟಾಪ್ ಕೋರ್ಸಿನ ಎರಡನೆಯ ವರ್ಷಕ್ಕೆ. ಆ ಹೊತ್ತಿಗೆ ಯಾವ ಸಾಫ್ಟ್‌ವೇರಿಗೆ ಎಂಥ ಯಂತ್ರ ಬೇಕು ಎಂಬುದನ್ನು ಮಗಳೇ ಹೇಳುತ್ತಾಳೆ.